ಮೈನಸ್ ಇರುವ ಭಿನ್ನರಾಶಿ ಬಂದ ಕೂಡಲೇ ಮಗಳು ತಪ್ಪುವುದೇಕೆ?

ಪ್ರಶ್ನೆ: ನಮ್ಮ ಊರು ಭಾಗಮಂಡಲದ ಹತ್ತಿರ. ಮಗಳು ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ಮೊದಲೆಲ್ಲ ಲೆಕ್ಕದಲ್ಲಿ ಚುರುಕಾಗಿಯೇ ಇದ್ದಳು. ಈಗ ಮೈನಸ್ ಮತ್ತು ಭಿನ್ನರಾಶಿ ಒಟ್ಟಿಗೆ ಬಂದರೆ ಪುಸ್ತಕ ಮುಚ್ಚಿಡುತ್ತಾಳೆ. ಅವಳ ನೋಟ್ಸಿನಲ್ಲಿದ್ದ ನಾಲ್ಕು ಲೆಕ್ಕಗಳನ್ನು ಇದ್ದ ಹಾಗೆಯೇ ಬರೆದಿದ್ದೇನೆ:

−5 − 3 = 8
−3/4 + 1/2 = −2/6
(−2/3) × (−3/5) = 6
−1/2, −1/3 ಇವುಗಳಲ್ಲಿ ದೊಡ್ಡದು −1/2

ಟ್ಯೂಷನ್‌ನಲ್ಲಿ ‘ಮೈನಸ್ ಮೈನಸ್ ಪ್ಲಸ್, ಬಾಯಿಪಾಠ ಮಾಡು’ ಅನ್ನುತ್ತಾರಂತೆ. ಯಾಕೆ ಪ್ಲಸ್ ಆಗುತ್ತದೆ ಎಂದು ಅವಳು ಕೇಳಿದರೆ ನನಗೂ ಹೇಳಲು ಬರುವುದಿಲ್ಲ. ತೋಟದ ಲೆಕ್ಕವೆಲ್ಲ ನಾನೇ ಬರೆಯುವವಳು, ಆದರೂ ಇಲ್ಲಿ ಸಿಕ್ಕಿಕೊಳ್ಳುತ್ತೇನೆ. ಮನೆಯಲ್ಲಿ ನಮ್ಮದು ಅರೆಭಾಷೆ, ನಮ್ಮ ಕಡೆ ಆಡುವ ಕನ್ನಡದ ಒಂದು ಬಗೆ. ಅದರಿಂದ ತೊಂದರೆ ಆಗುತ್ತಿರಬಹುದೇ?

ಉತ್ತರ: ಲೆಕ್ಕಗಳನ್ನು ತಿದ್ದದೆ ಹಾಗೆಯೇ ಕಳಿಸಿದ್ದು ಬಹಳ ಒಳ್ಳೆಯದಾಯಿತು. ‘ಮಗಳಿಗೆ ಗಣಿತ ಬರುವುದಿಲ್ಲ’ ಎಂದಷ್ಟೇ ಬರೆದಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಈ ನಾಲ್ಕರಲ್ಲಿ ಒಂದೂ ಅಜಾಗ್ರತೆಯ ತಪ್ಪಲ್ಲ. ನಾಲ್ಕಕ್ಕೂ ಅವಳು ಎಲ್ಲೋ ಕಲಿತ ನಿಯಮವನ್ನೇ ಬಳಸಿದ್ದಾಳೆ. ಆದರೆ ಒಂದು ಕ್ರಿಯೆಯ ನಿಯಮ ಇನ್ನೊಂದಕ್ಕೆ ಹೋಗಿ ಕೂತಿದೆ.

ಮೊದಲನೆಯದನ್ನು ನೋಡಿ. −5 − 3 ರಲ್ಲಿ ಎರಡು ಮೈನಸ್ ಕಂಡವು, ಬಾಯಿಪಾಠ ನೆನಪಾಯಿತು, 8 ಎಂದು ಬರೆದಳು. ಆ ಬಾಯಿಪಾಠ ಗುಣಾಕಾರದ್ದು, ಭಾಗಾಕಾರದ್ದು. −(−3) ಎಂಬಂತೆ ಎರಡು ಚಿಹ್ನೆಗಳ ಮಧ್ಯೆ ಸಂಖ್ಯೆಯೇ ಇಲ್ಲದಿದ್ದಾಗಲೂ ಅದು ಸರಿ. ಇಲ್ಲಿ ಹಾಗಿಲ್ಲ: ಐದು ಕೆಳಗಿದ್ದವರು ಇನ್ನೂ ಮೂರು ಕೆಳಗಿಳಿದರೆ ಎಂಟು ಕೆಳಗೆ, ಅಂದರೆ −8. ಮೂರನೆಯದರಲ್ಲಿ ಕೂಡುವಾಗ ಬೇಕಾಗುವ ಲ.ಸಾ.ಅ.ವನ್ನು (ಲಘುತ್ತಮ ಸಾಮಾನ್ಯ ಅಪವರ್ತ್ಯ) ಗುಣಾಕಾರಕ್ಕೆ ತಂದಿದ್ದಾಳೆ. 10/15 ಮತ್ತು 9/15 ಮಾಡಿಕೊಂಡು, ಮೇಲಿನದನ್ನು ಗುಣಿಸಿ 90 ಪಡೆದು, ಕೆಳಗೆ 15ನ್ನು ಕೂಡುವ ಲೆಕ್ಕದ ಹಾಗೆ ಒಂದೇ ಸಲ ಬರೆದಿದ್ದಾಳೆ. 90/15 ಅಂದರೆ 6. ಚಿಹ್ನೆ ಮಾತ್ರ ಸರಿ ಬಂದಿದೆ. ಎರಡನೆಯದು ಇದರ ತಿರುಗುಮುರುಗು. ಗುಣಿಸುವಾಗ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಎನ್ನುವುದನ್ನು ಕೂಡುವುದಕ್ಕೂ ಹಚ್ಚಿದ್ದಾಳೆ.

ಹಾಗಾಗಿ ಇನ್ನೊಂದು ನಿಯಮವನ್ನು ಬಾಯಿಪಾಠ ಮಾಡಿಸಿದರೆ ಗೊಂದಲಕ್ಕೆ ಇನ್ನೊಂದು ಸೇರಿದ ಹಾಗೆ. ಸ್ವಲ್ಪ ದಿನ ‘ಮೈನಸ್ ಮೈನಸ್ ಪ್ಲಸ್’ ಎಂಬ ಮಾತೇ ಮನೆಯಲ್ಲಿ ಬೇಡ.

ಮುಂದಕ್ಕೆ ಹೋಗುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಒಂದೇ ಲೆಕ್ಕವನ್ನು ಮೂರು ವೇಷದಲ್ಲಿ ಬೇರೆ ಬೇರೆ ಹೊತ್ತಿಗೆ ಕೊಡಿ: −3 + 2, 3/4 − 1/2, −3/4 + 1/2. ಮೊದಲನೆಯದು ತಪ್ಪಿದರೆ ತೊಡಕು ಋಣ ಸಂಖ್ಯೆಯಲ್ಲಿ. ಎರಡನೆಯದು ತಪ್ಪಿದರೆ ಭಿನ್ನರಾಶಿಯಲ್ಲಿ, ಆಗ ಮೈನಸ್ ಬಿಟ್ಟು ಆರನೇ ತರಗತಿಯ ಪುಸ್ತಕ ತೆಗೆದು ಸಮಾನ ಭಿನ್ನರಾಶಿಗಳಿಂದ ಶುರುಮಾಡುವುದೇ ಸರಿ, ಅದರಲ್ಲಿ ನಾಚಿಕೆಯೇನಿಲ್ಲ. ಮೊದಲಿನ ಎರಡೂ ಸರಿಯಾಗಿ ಮೂರನೆಯದು ಮಾತ್ರ ತಪ್ಪಿದರೆ, ಚಿಹ್ನೆಯನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿದಿಲ್ಲ ಎಂದರ್ಥ. ನೀವು ಕಳಿಸಿದ್ದನ್ನು ನೋಡಿದರೆ ಮೊದಲನೆಯದೂ ಮೂರನೆಯದೂ ಅವಳನ್ನು ಕಾಡುತ್ತಿವೆ ಎನಿಸುತ್ತದೆ.

ಚಿಹ್ನೆ ಎಲ್ಲಿಡಬೇಕು ಎನ್ನುವುದಕ್ಕೆ ನಾನು ಹೇಳುವುದು ಇಷ್ಟೇ: ಕೂಡುವಾಗ, ಕಳೆಯುವಾಗ ಮೈನಸ್ಸನ್ನು ಅಂಶಕ್ಕೆ ಅಂಟಿಸಿಯೇ ಇಡಿ. ಗುಣಿಸುವಾಗ, ಭಾಗಿಸುವಾಗ ಅದನ್ನು ಬೇರೆ ತೆಗೆದು ಮೊದಲು ಇತ್ಯರ್ಥ ಮಾಡಿ.

ಮೊದಲ ಅರ್ಧ ಏಕೆಂದರೆ, ಛೇದ ಪಾಲಿನ ಗಾತ್ರವನ್ನು ಹೇಳುತ್ತದೆ, ಅಂಥ ಪಾಲು ಎಷ್ಟು ಎಂದು ಹೇಳುವುದು ಅಂಶ. −3/4 ಅಂದರೆ ಮೈನಸ್ ಮೂರು ಕಾಲುಗಳು. 1/2 ಅಂದರೆ ಎರಡು ಕಾಲುಗಳು. ಕೂಡಿದರೆ ಮೈನಸ್ ಒಂದು ಕಾಲು. ಬರೆಯುವುದೂ ಹೀಗೇ ಇರಲಿ: (−3)/4 + 2/4 = (−3 + 2)/4 = −1/4. ಛೇದ ಸಮವಾದ ಮೇಲೆ ಉಳಿಯುವುದು −3 + 2 ಎಂಬ ಪೂರ್ಣಾಂಕದ ಲೆಕ್ಕ. ಅವಳು 4 ಮತ್ತು 2 ಕೂಡಿ 6 ಮಾಡಿದ್ದು ಕಾಲುಗಳನ್ನೂ ಅರೆಗಳನ್ನೂ ಕೂಡಿಸಿ ಆರನೇ ಪಾಲುಗಳು ಅಂದ ಹಾಗಾಯಿತು. ಬಾಯಲ್ಲಿ ‘ಮೂರು ಕಾಲು, ಎರಡು ಕಾಲು’ ಎಂದು ಹೇಳಿಸಿದರೆ ಈ ತಪ್ಪು ಮಾಡುವುದೇ ಕಷ್ಟ. ‘ಮೂರು ಬೈ ನಾಲ್ಕು’ ಎಂದು ಓದಿಸುವ ರೂಢಿ ಇದೆಯಲ್ಲ, ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಬೈ ಅಂದ ಕೂಡಲೇ ಮಕ್ಕಳಿಗೆ ಕಾಣುವುದು ಒಂದರ ಮೇಲೊಂದು ಕೂತ ಎರಡು ಬೇರೆ ಸಂಖ್ಯೆಗಳು.

ಎಲ್ಲ ಮಕ್ಕಳೂ ಕೇಳುವ ಒಂದು ಪ್ರಶ್ನೆ: ಮೈನಸ್ ಮೇಲಿನದಕ್ಕೋ ಕೆಳಗಿನದಕ್ಕೋ? (−3)/4, 3/(−4), −(3/4) ಮೂರೂ ಸಂಖ್ಯಾರೇಖೆಯ ಮೇಲೆ ಒಂದೇ ಬಿಂದು. ಆದರೆ ಛೇದವನ್ನು ಯಾವಾಗಲೂ ಧನವಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯ ರೂಢಿ. 3/(−4) ಬಂದರೆ ಮೊದಲ ಸಾಲಿನಲ್ಲೇ (−3)/4 ಮಾಡಿಕೊಳ್ಳಲಿ. ಮೇಲೆ ಕೆಳಗೆ ಎರಡೂ ಕಡೆ ಮೈನಸ್ ಹಾಕಿಬಿಡುವವರೂ ಇದ್ದಾರೆ. ಆಗ ಅದು ಧನ ಸಂಖ್ಯೆಯೇ ಆಗಿಹೋಗುತ್ತದೆ.

ಬರವಣಿಗೆಯನ್ನೂ ಒಮ್ಮೆ ಹತ್ತಿರದಿಂದ ನೋಡಿ. ಭಿನ್ನರಾಶಿಯ ಅಡ್ಡಗೆರೆಯೂ ಮೈನಸ್ ಗೆರೆಯೂ ಒಂದೇ ಮಟ್ಟದಲ್ಲಿ, ಒಂದೇ ಉದ್ದದಲ್ಲಿ ಇರುತ್ತವೆ. ಅವಸರದಲ್ಲಿ ಬರೆದಾಗ ಎರಡೂ ಕೂಡಿಕೊಂಡು ಒಂದೇ ಉದ್ದ ಗೆರೆ ಆಗುತ್ತದೆ, ಮುಂದಿನ ಸಾಲಿಗೆ ಇಳಿಸುವಾಗ ಮೈನಸ್ ಮಾಯ. ಉತ್ತರಪತ್ರಿಕೆ ತಿದ್ದುವಾಗ ಇಂಥವನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಮಕ್ಕಳು ‘ಸಿಲ್ಲಿ ಮಿಸ್ಟೇಕ್’ ಅನ್ನುತ್ತಾರೆ, ನಿಜವಾಗಿ ಅದು ಜಾಗದ ಕೊರತೆ. ಚೌಕ ಗೆರೆಗಳ ಪುಸ್ತಕ ಕೊಡಿಸಿ. ಮೈನಸ್‌ಗೆ ಒಂದು ಮನೆ, ಭಿನ್ನರಾಶಿಗೆ ಎರಡು ಮನೆ, ಒಂದು ಸಾಲಿಗೆ ಒಂದೇ ಹೆಜ್ಜೆ, ಋಣ ಸಂಖ್ಯೆಗೆಲ್ಲ ಆವರಣ.

ಇನ್ನು ‘ಯಾಕೆ ಪ್ಲಸ್’ ಎಂಬ ಪ್ರಶ್ನೆ. ಅದನ್ನು ಕೇಳುವ ಮಗಳು ನಿಮಗಿದ್ದಾಳೆ ಎನ್ನುವುದೇ ಸಂತೋಷ. ಸಾಮಾನ್ಯವಾಗಿ ಸಾಲದ ಉದಾಹರಣೆ ಕೊಡುತ್ತಾರೆ. ಕೂಡಿ ಕಳೆಯುವುದಕ್ಕೆ ಅದು ಸಾಕು, ಆದರೆ ಸಾಲವನ್ನು ಸಾಲದಿಂದ ಗುಣಿಸುವುದು ಅಂದರೆ ಏನು? ಹಾಕಿಯ ಗೋಲು ಅಂತರವನ್ನೂ ಹೇಳಬಹುದು, ನಮ್ಮ ಕೊಡಗಿನ ಮಕ್ಕಳಿಗೆ ಅದು ಕೂಡಲೇ ಹತ್ತುತ್ತದೆ. ಆದರೆ ಅರ್ಧ ಗೋಲು ಎಂಬುದು ಇಲ್ಲವಲ್ಲ. ಭಿನ್ನರಾಶಿಗೂ ಹೊಂದುವುದು ಹಾರಂಗಿ ಜಲಾಶಯ. ಅದರ ಗರಿಷ್ಠ ಮಟ್ಟ 2859 ಅಡಿ. ಮಳೆಗಾಲದಲ್ಲಿ ಇಂದಿನ ಮಟ್ಟ ಎಷ್ಟೆಂದು ಪತ್ರಿಕೆಯಲ್ಲಿ ಬರುತ್ತದೆ. ಗೋಡೆಗೆ ಒಂದು ಉದ್ದ ಕಾಗದ ಅಂಟಿಸಿ ಉದ್ದುದ್ದಕ್ಕೆ ಗೆರೆ ಎಳೆಯಿರಿ. 2859 ಅನ್ನುವ ಕಡೆ ಸೊನ್ನೆ. ಕೆಳಗೆ ಒಂದೊಂದು ಅಡಿಗೂ −1, −2, −3, ನಡುವೆ ಕಾಲು ಅಡಿಯ ಗೀಟುಗಳು. ಅಡ್ಡಲಾಗಿ ಎಳೆದ ಸಂಖ್ಯಾರೇಖೆಗಿಂತ ನಿಂತಿರುವುದು ಋಣ ಸಂಖ್ಯೆಗೆ ವಾಸಿ ಎನ್ನುವುದು ನನ್ನ ಅಭಿಪ್ರಾಯ. ಎಡಕ್ಕೆ ಹೋದರೆ ಚಿಕ್ಕದು ಎಂಬುದನ್ನು ನೆನಪಿಡಬೇಕು. ಕೆಳಗೆ ಹೋದರೆ ಕಡಿಮೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಾಲ್ಕನೇ ತಪ್ಪು ಇಲ್ಲೇ ಬಗೆಹರಿಯುತ್ತದೆ. −1/2 ಅಡಿ ಅಂದರೆ ತುಂಬಲು ಆರು ಇಂಚು ಬಾಕಿ. −1/3 ಅಡಿ ಅಂದರೆ ನಾಲ್ಕು ಇಂಚು ಬಾಕಿ. ಯಾವಾಗ ನೀರು ಮೇಲಿದೆ? ನಾಲ್ಕು ಇಂಚು ಬಾಕಿ ಇರುವಾಗ. ಆದ್ದರಿಂದ −1/3 ದೊಡ್ಡದು. 1/2 ದೊಡ್ಡದು, 1/3 ಚಿಕ್ಕದು ಎಂಬುದನ್ನು ಅವಳು ಸರಿಯಾಗಿಯೇ ಕಲಿತಿದ್ದಾಳೆ. ಸೊನ್ನೆಯ ಆಚೆ ಬದಿಯಲ್ಲಿ ಆ ಕ್ರಮ ತಿರುಗುತ್ತದೆ ಎನ್ನುವುದು ಮಾತ್ರ ಬಾಕಿ.

ಕಳೆಯುವುದು: ನಿನ್ನೆ ಮಟ್ಟ −2¼, ಇವತ್ತು −½ ಎಂದುಕೊಳ್ಳಿ. ಎಷ್ಟು ಏರಿತು? ಇವತ್ತಿನದರಿಂದ ನಿನ್ನೆಯದನ್ನು ಕಳೆಯಬೇಕು: (−½) − (−2¼). ಕಾಗದದ ಮೇಲೆ ಬೆರಳಿಟ್ಟು ಎಣಿಸಿದರೆ ಏಳು ಕಾಲುಗಳು, ಅಂದರೆ 1¾ ಅಡಿ. ಬರೆದು ನೋಡಿದರೂ ಅಷ್ಟೇ: (−2)/4 − (−9)/4 = (−2 + 9)/4 = 7/4. ಋಣವನ್ನು ಕಳೆಯುವುದು ಕೂಡಿದ ಹಾಗೆ ಎಂಬುದು ಆಗ ಅವಳ ಕಣ್ಣಿಗೇ ಕಾಣುತ್ತದೆ.

ಇಲ್ಲೇ ಒಂದು ಗುಂಡಿ ಇದೆ. −2¼ನ್ನು ವಿಷಮ ಭಿನ್ನರಾಶಿ ಮಾಡಲು ಹೇಳಿದರೆ ಬಹಳ ಮಕ್ಕಳು −2 × 4 = −8, ಅದಕ್ಕೆ 1 ಕೂಡಿ −7, ಉತ್ತರ −7/4 ಎಂದು ಬರೆಯುತ್ತಾರೆ. ಶಾಲೆಯಲ್ಲಿ ಕಲಿಸಿದ ‘ಗುಣಿಸಿ ಕೂಡು’ ವಿಧಾನವನ್ನು ಚಾಚೂ ತಪ್ಪದೆ ಮಾಡಿದ್ದಕ್ಕೆ ಬಂದ ತಪ್ಪು ಇದು! −2¼ರಲ್ಲಿ ಮೈನಸ್ ಇಡೀ ಎರಡೂಕಾಲಕ್ಕೆ ಸೇರಿದ್ದು, ಎರಡಕ್ಕೆ ಮಾತ್ರವಲ್ಲ. ನೀರು ಎರಡು ಅಡಿ ಕೆಳಗಿದ್ದು ಅಲ್ಲಿಂದ ಕಾಲು ಅಡಿ ಮೇಲೆ ಬಂದಿಲ್ಲ, ಇನ್ನೂ ಕಾಲು ಅಡಿ ಕೆಳಗಿದೆ. ಮೈನಸ್ ಹೊರಗಿಟ್ಟು ಒಳಗೆ 2¼ = 9/4 ಮಾಡಿಕೊಂಡು, ಆಮೇಲೆ −9/4 ಎಂದು ಬರೆಯಬೇಕು. ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗಗಳಲ್ಲಿ ಇದು ಮುಖ್ಯವಾದದ್ದು, ಇದರ ಮೇಲೆ ಒಂದು ಸಂಜೆ ಪೂರ್ತಿ ಕಳೆದರೂ ನಷ್ಟವಿಲ್ಲ.

ಈಗ ಗುಣಾಕಾರ. ಬೇಸಿಗೆಯಲ್ಲಿ ಮಟ್ಟ ದಿನಕ್ಕೆ ಅರ್ಧ ಅಡಿ ಇಳಿಯುತ್ತಿದೆ ಎಂದುಕೊಳ್ಳಿ, ಅಂದರೆ ದಿನಕ್ಕೆ −½. ನಾಲ್ಕು ದಿನದ ನಂತರ ಇವತ್ತಿಗಿಂತ 4 × (−½) = −2, ಎರಡು ಅಡಿ ಕೆಳಗೆ. ನಾಲ್ಕು ದಿನದ ಹಿಂದೆ? ದಿನವನ್ನು ಹಿಂದಕ್ಕೆ ಎಣಿಸಬೇಕು, −4. ಇಳಿಯುತ್ತಿರುವ ನೀರು ನಾಲ್ಕು ದಿನದ ಹಿಂದೆ ಇವತ್ತಿಗಿಂತ ಎರಡು ಅಡಿ ಮೇಲಿತ್ತು. (−4) × (−½) = +2.

ಹುಡುಗಿ ಚುರುಕಾಗಿದ್ದರೆ ‘ಇದು ನೀರಿಗೆ ಸರಿ, ಎಲ್ಲ ಕಡೆಗೂ ಹಾಗೇ ಯಾಕಾಗಬೇಕು’ ಎನ್ನುತ್ತಾಳೆ. ಆಗ ಇದನ್ನು ತೋರಿಸಿ. ½ ಮತ್ತು −½ ಕೂಡಿದರೆ ಸೊನ್ನೆ. ಸೊನ್ನೆಯನ್ನು −4ರಿಂದ ಗುಣಿಸಿದರೂ ಸೊನ್ನೆ. ಅದನ್ನೇ ಬಿಡಿಸಿ ಬರೆದರೆ (−4) × ½ ಮತ್ತು (−4) × (−½), ಇವೆರಡರ ಮೊತ್ತ ಸೊನ್ನೆ ಆಗಬೇಕು. ಮೊದಲನೆಯದು −2. ಹಾಗಿದ್ದರೆ ಎರಡನೆಯದು +2 ಆಗದೆ ಬೇರೆ ದಾರಿಯೇ ಇಲ್ಲ. ಧನ ಸಂಖ್ಯೆಗಳಿಗೆ ಇದ್ದ ಗುಣಗಳು ಋಣ ಸಂಖ್ಯೆಗಳಿಗೂ ಇರಬೇಕು ಎಂದು ಒಪ್ಪಿದರೆ ಈ ನಿಯಮ ತಾನಾಗಿ ಬರುತ್ತದೆ. ಬ್ರಹ್ಮಗುಪ್ತ 628ರಲ್ಲೇ ಧನ, ಋಣ ಮತ್ತು ಸೊನ್ನೆಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದಿಟ್ಟಿದ್ದ. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬುದೂ ಅದರಲ್ಲಿದೆ. ಅದಾಗಿ ಸಾವಿರ ವರ್ಷ ಕಳೆದರೂ ಯುರೋಪಿನ ಹಲವು ಗಣಿತಜ್ಞರು ಋಣ ಸಂಖ್ಯೆಯನ್ನು ಸಂಖ್ಯೆ ಎಂದು ಒಪ್ಪಲು ಹಿಂದೆಮುಂದೆ ನೋಡುತ್ತಿದ್ದರು. ಏಳನೇ ತರಗತಿಯ ಹುಡುಗಿ ಒಂದು ತಿಂಗಳು ಗೊಂದಲಪಟ್ಟರೆ ಅದೇನು ದೊಡ್ಡದಲ್ಲ.

ನನ್ನ ಮಾತಿನ ಎರಡನೇ ಅರ್ಧ ಇಲ್ಲಿ ಕೆಲಸಕ್ಕೆ ಬರುತ್ತದೆ. (−2/3) × (−3/5) ಬಂದಾಗ ಮೊದಲು ಚಿಹ್ನೆ ಮಾತ್ರ ನೋಡಲಿ: ಎರಡು ಋಣ, ಆದ್ದರಿಂದ ಉತ್ತರ ಧನ. ‘+’ ಬರೆದಿಟ್ಟು ಚಿಹ್ನೆಯನ್ನು ಮರೆತುಬಿಡಲಿ. ಉಳಿದದ್ದು 2/3 × 3/5. ಲ.ಸಾ.ಅ. ಬೇಡ. 3/5ರಲ್ಲಿ ಮೂರು ಐದನೇ ಪಾಲುಗಳಿವೆ, ಅದರ ಮೂರನೇ ಎರಡು ಭಾಗ ಅಂದರೆ ಎರಡು ಐದನೇ ಪಾಲುಗಳು, 2/5. ಮೂರು ಋಣಗಳು ಬಂದರೆ ಉತ್ತರ ಋಣ, ನಾಲ್ಕು ಬಂದರೆ ಧನ. ಅದನ್ನು ಬೆರಳಲ್ಲಿ ಎಣಿಸಿದರೆ ಸಾಕು.

ಉತ್ತರ 6 ಎಂದು ಬರೆದಾಗ ಅವಳಿಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ನನಗೆ ತಪ್ಪಿಗಿಂತ ಇದೇ ಹೆಚ್ಚು ಚಿಂತೆ. ಒಂದಕ್ಕಿಂತ ಚಿಕ್ಕದಾದ ಪಾಲಿನಲ್ಲಿ ಮತ್ತೆ ಪಾಲು ತೆಗೆದರೆ ಆರು ಹೇಗೆ ಬರುತ್ತದೆ? ಪೆನ್ಸಿಲ್ ಹಿಡಿಯುವ ಮೊದಲು ಗೋಡೆಯ ಕಾಗದದ ಮೇಲೆ ಉತ್ತರ ಸುಮಾರು ಎಲ್ಲಿ ಬೀಳಬಹುದು ಎಂದು ಬೆರಳಿಟ್ಟು ತೋರಿಸಲಿ. ಸೊನ್ನೆಯ ಮೇಲೋ ಕೆಳಗೋ, ಒಂದಕ್ಕಿಂತ ದೂರವೋ ಹತ್ತಿರವೋ. ಅಷ್ಟು ಹೇಳಿದರೆ ಸಾಕು. ಆಮೇಲೆ ಲೆಕ್ಕ ಮಾಡಿ ಬಂದ ಉತ್ತರ ಬೇರೆ ಕಡೆ ಬಿದ್ದರೆ ಅವಳೇ ತಿರುಗಿ ನೋಡುತ್ತಾಳೆ.

ಭಾಗಾಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿಹ್ನೆಯ ನಿಯಮ ಗುಣಾಕಾರದ್ದೇ. ನೀರು ಮೂರು ಅಡಿ ಇಳಿಯಬೇಕು, ದಿನಕ್ಕೆ ಅರ್ಧ ಅಡಿ ಇಳಿಯುತ್ತಿದೆ, ಎಷ್ಟು ದಿನ? (−3) ÷ (−½) = 6. ಭಾಜಕವನ್ನು ತಲೆಕೆಳಗು ಮಾಡಿ ಗುಣಿಸುವುದು ಯಾಕೆಂದರೆ, ಭಾಜ್ಯ ಭಾಜಕ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಭಾಗಲಬ್ಧ ಬದಲಾಗುವುದಿಲ್ಲ. ಎರಡನ್ನೂ −2ರಿಂದ ಗುಣಿಸಿ, 6 ÷ 1 ಆಗುತ್ತದೆ. ಭಾಜಕದ ವ್ಯುತ್ಕ್ರಮದಿಂದ ಗುಣಿಸಿದ್ದು ಅದನ್ನು 1 ಮಾಡುವುದಕ್ಕೆ, ಅಷ್ಟೇ. ಈ ವಿಧಾನವನ್ನೂ, ಛೇದಗಳ ಲ.ಸಾ.ಅ. ತೆಗೆದು ಕೂಡುವುದನ್ನೂ ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಹೇಳಿದ್ದಾನೆ. ನಮ್ಮ ನಾಡಿನ ಗಣಿತಜ್ಞ ಎಂದು ಮಗಳಿಗೆ ಹೇಳಿ, ಮಕ್ಕಳಿಗೆ ಇಂಥದ್ದು ಖುಷಿ ಕೊಡುತ್ತದೆ.

ಅರೆಭಾಷೆಯ ಬಗ್ಗೆ ಕೇಳಿದ್ದೀರಿ. ಅದರಿಂದ ತೊಂದರೆ ಏನೂ ಇಲ್ಲ, ಉಪಯೋಗವೇ ಇದೆ. ಲೆಕ್ಕ ಬರೆಯುವುದು ಪುಸ್ತಕದ ಕನ್ನಡದಲ್ಲಿರಲಿ, ಆದರೆ ಏನು ಮಾಡಿದೆ, ಯಾಕೆ ಮಾಡಿದೆ ಎಂದು ನಿಮಗೆ ಹೇಳುವುದು ಮನೆಯ ಮಾತಿನಲ್ಲೇ ಇರಲಿ. ಪುಸ್ತಕದ ಮಾತಿನಲ್ಲಿ ಹೇಳು ಎಂದರೆ ಬಾಯಿಪಾಠ ಹೊರಬರುತ್ತದೆ. ಮನೆಮಾತಿನಲ್ಲಿ ಹೇಳು ಎಂದರೆ ಅರ್ಥವಾಗದ್ದು ಎಲ್ಲಿ ಎಂದು ಅವಳಿಗೇ ಗೊತ್ತಾಗುತ್ತದೆ.

ತೋಟದ ಲೆಕ್ಕ ಬರೆಯುವವರಾದ್ದರಿಂದ ಅಭ್ಯಾಸಕ್ಕೆ ನಿಮ್ಮ ಪುಸ್ತಕದಿಂದಲೇ ಒಂದು ಲೆಕ್ಕ ಕೊಡುತ್ತೇನೆ. 50 ಕೆಜಿ ಒಣ ಕಾಫಿ ಚೆರ್ರಿಯಿಂದ ಎಷ್ಟು ಕೆಜಿ ಬೀಜ ಬರುತ್ತದೆ ಎನ್ನುವ ಓಟಿ ನಿಮಗೆ ಗೊತ್ತೇ ಇದೆ. ಐದು ಚೀಲಗಳ ಓಟಿ ಹೀಗಿದೆ ಎಂದುಕೊಳ್ಳಿ: 27½, 25¼, 25, 26½, 24¾. ಸರಾಸರಿ ಎಷ್ಟು? ಐದನ್ನೂ ಕೂಡಿ ಭಾಗಿಸುವುದು ಬೇಡ. 26ನ್ನು ಸೊನ್ನೆ ಎಂದಿಟ್ಟುಕೊಂಡು ವ್ಯತ್ಯಾಸ ಮಾತ್ರ ಬರೆಯಲಿ: +1½, −¾, −1, +½, −1¼. ಕಾಲುಗಳಲ್ಲಿ ಹೇಳಿದರೆ +6, −3, −4, +2, −5. ಕೂಡಿದರೆ −4 ಕಾಲುಗಳು, ಅಂದರೆ −1. ಐದು ಚೀಲಕ್ಕೆ ಹಂಚಿದರೆ −1/5. ಸರಾಸರಿ 26ಕ್ಕಿಂತ ಐದನೇ ಒಂದು ಪಾಲು ಕಡಿಮೆ, 25 4/5, ನಿಮ್ಮ ಪುಸ್ತಕದ ಲೆಕ್ಕದಲ್ಲಿ 25.8. ಮೊದಲ ಸಲ ಅವಳು 25 1/5 ಎಂದು ಬರೆಯುವ ಸಾಧ್ಯತೆ ಹೆಚ್ಚು. ಬೈಯದೆ, 26ರಿಂದ ಒಂದು ಐದನೇ ಪಾಲು ಕೆಳಗೆ ಎಲ್ಲಿದೆ ಎಂದು ಗೆರೆ ಎಳೆದು ತೋರಿಸು ಎನ್ನಿ. ಆಮೇಲೆ ಐದನ್ನೂ ಕೂಡಿ 129, ಅದನ್ನು ಐದರಿಂದ ಭಾಗಿಸಿ ತಾಳೆ ನೋಡಲಿ.

ದಿನಕ್ಕೆ ಇಂಥ ಮೂರ್ನಾಲ್ಕು ಲೆಕ್ಕ ಸಾಕು, ಆದರೆ ಕೂಡುವುದು, ಗುಣಿಸುವುದು ಬೆರಕೆಯಾಗಿರಲಿ. ಒಂದೇ ಬಗೆಯ ಇಪ್ಪತ್ತು ಲೆಕ್ಕ ಮಾಡಿಸಿದರೆ ಯಾವ ನಿಯಮ ಎಲ್ಲಿಗೆ ಎಂದು ಆರಿಸುವ ಕೆಲಸವೇ ಇರುವುದಿಲ್ಲ, ಅವಳು ತಪ್ಪುತ್ತಿರುವುದು ಅಲ್ಲೇ. ಎಂಟನೇ ತರಗತಿಯಲ್ಲಿ ಭಾಗಲಬ್ಧ ಸಂಖ್ಯೆಗಳೂ ಸಮೀಕರಣಗಳೂ ಬರುತ್ತವೆ, ಅಷ್ಟರೊಳಗೆ ಇದು ಕೈಗೆ ಹತ್ತಿರಬೇಕು. ಸಮಯ ಸಾಕಷ್ಟಿದೆ. ಎರಡು ವಾರ ಬಿಟ್ಟು ಮೇಲೆ ಹೇಳಿದ ಮೂರು ವೇಷದ ಪರೀಕ್ಷೆಯನ್ನು ಸಂಖ್ಯೆ ಬದಲಿಸಿ ಮತ್ತೆ ಮಾಡಿ. ಆಗಲೂ ತಪ್ಪಿದರೆ ಅವಳು ಬರೆದ ಹಾಳೆಯನ್ನೇ, ಉಜ್ಜಿ ಅಳಿಸಿದ ಗುರುತುಗಳ ಸಮೇತ, ಶಾಲೆಯ ಗಣಿತ ಶಿಕ್ಷಕರಿಗೆ ತೋರಿಸಿ.